ಮೂರನೇ ಜ್ವರ ಎದ್ದ ದಿನ

ನಮ್ಮೂರಿನಲ್ಲಿ ಯಾರ ಮನೆಗೆ ಕಾಗದ ಬಂದರೂ ಅದು ಕೊನೆಗೆ ನನ್ನ ಕೈಗೆ ಬರುತ್ತದೆ. ಮಾಸ್ತಿಯಿಂದ ಎರಡು ಕಿಲೋಮೀಟರ್ ಒಳಗಿರುವ, ನೂರಿಪ್ಪತ್ತು ಮನೆಗಳ ಊರು. ಎಂ.ಎ. ಮಾಡಿದವರು ಇನ್ನೂ ಇದ್ದಾರೆ, ಆದರೆ ಎಂ.ಎ. ಮಾಡಿಯೂ ಊರಲ್ಲೇ ಉಳಿದವನು ನಾನೊಬ್ಬನೇ. ಮಾಲೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಬಿ.ಕಾಂ. ಮಕ್ಕಳಿಗೆ ವ್ಯವಹಾರ ಕನ್ನಡ ಹೇಳಿಕೊಡುತ್ತೇನೆ: ಅರ್ಜಿ ಬರೆಯುವುದು, ದೂರು ಬರೆಯುವುದು, ಬ್ಯಾಂಕಿಗೆ ಪತ್ರ ಬರೆಯುವುದು. ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಕೂತು ದೂರದೇಶದ ಕಾದಂಬರಿಗಳ ಅನುವಾದ ಓದುತ್ತೇನೆ. ಒಂದು ಬಾಗಿಲು ತಟ್ಟಬೇಕೋ ಬೇಡವೋ ಎಂದು ನಾಯಕ ಅರವತ್ತು ಪುಟ ಯೋಚಿಸಿದರೂ ನನಗೆ ಬೇಸರವಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಪುಟದ ಒಂದು ಅರ್ಜಿಯನ್ನು ನಾನು ಓದದೆ ಬಿಟ್ಟದ್ದಕ್ಕೆ ಕಣ್ಣು ಮಂಜು, ಸಮಯವಿರಲಿಲ್ಲ ಎಂಬ ಕಾರಣಗಳು ನಡೆಯುವುದಿಲ್ಲ.

ಅರ್ಜಿ ಪಕ್ಕದ ಮನೆಯಲ್ಲಿರುವ ನನ್ನ ದೊಡ್ಡಮ್ಮನದು. ಹೆಸರು ದೊಡ್ಡಗಂಗಮ್ಮ, ವಯಸ್ಸು ಐವತ್ತೇಳು. ಎರಡು ಹಸು, ಮುಕ್ಕಾಲು ಎಕರೆ ಹಿಪ್ಪುನೇರಳೆ. ಮೂವತ್ತು ವರ್ಷದಿಂದ ರೇಷ್ಮೆ ಹುಳ ಸಾಕುತ್ತಾಳೆ, ಸಾಕುವುದು ಮನೆಯ ನಡುಮನೆಯಲ್ಲಿ. ಹುಳ ಇರುವಷ್ಟು ದಿನ ನಡುಮನೆ ಹುಳದ್ದು, ಜಗಲಿ ದೊಡ್ಡಮ್ಮನದು. ಒಲೆ ಹಿತ್ತಲಿಗೆ ಹೋಗುತ್ತದೆ. ಊದುಬತ್ತಿ ಹಚ್ಚುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಹೊರಗಿನಿಂದ ಬಂದವರು, ಹೊರಗಿನಿಂದ ಬಂದ ವಸ್ತು, ಯಾವುದೂ ಹೊಸ್ತಿಲು ದಾಟುವಂತಿಲ್ಲ. ಹುಳಕ್ಕೆ ರೋಗ ತಗುಲುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿರುವ ಅಳಿಯ ವೆಂಕಟ್ ಒಮ್ಮೆ ಸೆಂಟು ಹಾಕಿಕೊಂಡು ಬಂದಾಗ ದೊಡ್ಡಮ್ಮ ಅವನನ್ನು ನೇರ ಬಚ್ಚಲಿಗೆ ಕಳಿಸಿ ತಲೆಗೆ ಸ್ನಾನ ಮಾಡಿಸಿದಳು. ಅವನು ಆಮೇಲೆ ಬಂದಿಲ್ಲ. ಮಗಳು ಸುನಂದ ಬಂದರೂ ಬೆಳಿಗ್ಗೆ ಬಂದು ಸಂಜೆ ಬಸ್ಸಿಗೆ ಹೊರಡುತ್ತಾಳೆ. ಇನ್ನೇನು ಮಾಡುತ್ತಾಳೆ, ಮಲಗಲು ಜಾಗವಿಲ್ಲ.

ದೊಡ್ಡಮ್ಮನಿಗಿದ್ದ ಆಸೆ ಒಂದೇ. ತೋಟದ ಪಕ್ಕ ಒಂದು ಹುಳುಮನೆ ಕಟ್ಟಿಸಬೇಕು, ತಾನು ತನ್ನ ನಡುಮನೆಯಲ್ಲಿ ಕಾಲು ಚಾಚಿ ಮಲಗಬೇಕು. ಅದಕ್ಕಾಗಿ ದೊಡ್ಡಪ್ಪ ಬಿಟ್ಟುಹೋಗಿದ್ದ ಸೈಟು ಮಾರಿದಳು. ನಾಲ್ಕು ಲಕ್ಷ ಬಂತು. ಮೇಸ್ತ್ರಿ ಕದಿರೇಶ ದಸರಾ ಹೊತ್ತಿಗೆ ಬಿಡುವಾಗುತ್ತೇನೆ ಎಂದಿದ್ದ. ಅಲ್ಲಿಯವರೆಗೆ ಎಫ್.ಡಿ. ಇಡೋಣ ಎಂದು ಜುಲೈ ಕೊನೆಯಲ್ಲಿ ನನ್ನನ್ನು ಕರೆದುಕೊಂಡು ಮಾಲೂರಿನ ಬ್ಯಾಂಕಿಗೆ ಹೋದಳು. ನಾನು ಓದಿದವನು ಎಂಬ ಕಾರಣಕ್ಕೇ ಕರೆದುಕೊಂಡು ಹೋದದ್ದು.

ಬ್ಯಾಂಕಿನ ಮೂಲೆಯಲ್ಲಿ ವಿಮಾ ಕಂಪನಿಯವರು ಕೂರಿಸಿದ್ದ ಒಬ್ಬ ಯುವಕನಿದ್ದ, ಮುರಳಿಮೋಹನ್. ಇಸ್ತ್ರಿ ಮಾಡಿದ ನೀಲಿ ಅಂಗಿ. ನಮಗೆ ಕುರ್ಚಿ ಹಾಕಿಸಿದ, ಕಾಫಿ ತರಿಸಿದ.

"ಸಾರ್ ಏನ್ ಮಾಡ್ಕೊಂಡಿದೀರಾ?"

"ಲೆಕ್ಚರರ್," ಎಂದೆ. ಅತಿಥಿ ಎಂಬ ಪದ ಗಂಟಲಲ್ಲೇ ಉಳಿಯಿತು.

"ಅದಕ್ಕೇ ಅಂದ್ಕೊಂಡೆ ಸಾರ್. ನಿಮ್ಮಂಥೋರಿಗೆ ಬಿಡಿಸಿ ಹೇಳೋ ಅಗತ್ಯನೇ ಇಲ್ಲ. ಎಫ್.ಡಿ.ಗಿಂತ ಒಳ್ಳೇ ಸ್ಕೀಮ್ ಇದೆ. ಗ್ಯಾರಂಟೀಡ್. ಜೊತೆಗೆ ಲೈಫ್ ಕವರ್."

ನನಗೆ ಅರ್ಥವಾಯಿತು ಎಂದು ಅವನು ನಂಬಿದ್ದರಿಂದ, ಅರ್ಥವಾಗಿಲ್ಲ ಎಂದು ಹೇಳುವುದು ಅಸಭ್ಯವೆನಿಸಿತು. ಆದರೂ ಒಂದು ಪ್ರಶ್ನೆಯನ್ನಾದರೂ ಕೇಳಬೇಕಲ್ಲ, ಗತ್ತಿನಿಂದ ಕೇಳಿದೆ: "ಟ್ಯಾಕ್ಸ್ ಬೆನಿಫಿಟ್ ಹೇಗೆ?" ದೊಡ್ಡಮ್ಮ ಜನ್ಮದಲ್ಲಿ ಆದಾಯ ತೆರಿಗೆ ಕಟ್ಟಿದವಳಲ್ಲ, ನಾನೂ ಕಟ್ಟುವಷ್ಟು ದುಡಿದವನಲ್ಲ. ಮುರಳಿಮೋಹನ್ ಮಾತ್ರ "ಸೂಪರ್ ಕ್ವೆಶ್ಚನ್ ಸಾರ್" ಎಂದ. ನಾನು ಆ ದಿನವೆಲ್ಲ ಆ ಮಾತಿನ ಮೇಲೇ ಬದುಕಿದೆ.

ಸರಿಯಾದ ಪ್ರಶ್ನೆ ಕೇಳಿದವಳು ದೊಡ್ಡಮ್ಮ. "ದಸರಾ ಮುಗಿಯೋ ಹೊತ್ಗೆ ನಂಗೆ ದುಡ್ಡು ಬೇಕಪ್ಪಾ. ಸಿಗ್ತದಾ?"

"ಪ್ಲಾನಲ್ಲಿ ಲಿಕ್ವಿಡಿಟಿ ಇದೆಯಮ್ಮಾ."

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಅನುವಾದಿಸಿದೆ: "ಬೇಕಾದಾಗ ನೀರಿನಂಗೆ ಬರತ್ತಂತೆ ದೊಡ್ಡಮ್ಮ."

ಅರ್ಜಿ ಇಂಗ್ಲಿಷಿನಲ್ಲಿತ್ತು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ದೊಡ್ಡಮ್ಮ ಕನ್ನಡದಲ್ಲಿ ರುಜು ಹಾಕಿದಳು. ಕೊನೆಯ ಪುಟದಲ್ಲಿ ಒಂದು ಗುರುತು ನನಗೂ ಇತ್ತು. "ಇಲ್ಲಿ ನೀವೊಂದು ಹಾಕಿ ಸಾರ್, ಫಾರ್ಮಾಲಿಟಿ." ಹಾಕಿದೆ. ನನ್ನ ರುಜು ಚೆನ್ನಾಗಿದೆ, ಕೊನೆಗೊಂದು ಸುಳಿ ಬರುತ್ತದೆ. ನಾಲ್ಕು ಪುಟದಲ್ಲಿ ನಾನು ಗಮನವಿಟ್ಟು ನೋಡಿದ್ದು ಆ ಸುಳಿಯೊಂದನ್ನೇ.

ನಾಲ್ಕು ದಿನ ಬಿಟ್ಟು ಕಂಪನಿಯಿಂದ ಫೋನು ಬಂತು. ಅರ್ಜಿಯಲ್ಲಿ ಕೊಟ್ಟಿದ್ದು ನನ್ನ ನಂಬರು. ಎಲ್ಲದಕ್ಕೂ ಹೌದು ಅನ್ನಿ, ಇಲ್ಲದಿದ್ದರೆ ಪಾಲಿಸಿಯ ಬಾಂಡು ತಡವಾಗುತ್ತದೆ ಎಂದು ಮುರಳಿಮೋಹನ್ ಹೇಳಿಕೊಟ್ಟಿದ್ದ. ದೊಡ್ಡಮ್ಮ ಹಿತ್ತಲಲ್ಲಿ ಹಸುವಿಗೆ ಮೇವು ಕತ್ತರಿಸುತ್ತಿದ್ದಳು. ನಾನು ಸ್ಪೀಕರ್ ಹಾಕಿ ಅವಳ ಬಾಯಿಗೆ ಹಿಡಿದೆ. ಒಬ್ಬ ಹುಡುಗಿ ಪುಸ್ತಕದ ಕನ್ನಡದಲ್ಲಿ ಉಸಿರು ಬಿಡದೆ ಏನೇನೋ ಓದಿದಳು. ಅವಳು ನಿಲ್ಲಿಸಿದಾಗಲೆಲ್ಲ ನಾನು ತಲೆಯಾಡಿಸಿದೆ, ದೊಡ್ಡಮ್ಮ "ಹೌದಮ್ಮ" ಎಂದಳು. ಐದು ಹೌದು. ಫೋನಿಟ್ಟ ಮೇಲೆ "ಏನ್ ಕೇಳಿದ್ಳೋ?" ಎಂದು ಕೇಳಿದಳು. "ಸುಮ್ನೆ, ಹೆಸರು ಗಿಸರು," ಎಂದೆ. ನಾನೂ ಕೇಳಿಸಿಕೊಂಡಿರಲಿಲ್ಲ.

ಬಾಂಡು ಸ್ಪೀಡ್ ಪೋಸ್ಟಿನಲ್ಲಿ ಬಂದದ್ದು ಆಗಸ್ಟಿನಲ್ಲಿ. ಆಗ ಮನೆಯಲ್ಲಿ ಹುಳವಿತ್ತು. ಕವರು ಎಲ್ಲೆಲ್ಲಿಂದ ಬಂತೋ, ಯಾರ್ಯಾರ ಕೈ ತಗುಲಿತೋ. ದೊಡ್ಡಮ್ಮ ಪೋಸ್ಟಿನವರಿಗೆ ರುಜು ಹಾಕಿಕೊಟ್ಟು, ಕವರನ್ನು ಒಳಗೆ ತರದೆ ಹಸುಗಳ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ, ಕೈಯನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು, ಸೊಪ್ಪು ಹಾಕಲು ಹೋದಳು. ಹುಳ ಹಣ್ಣಾಗಿ, ಗೂಡು ಕಟ್ಟಿ, ಗೂಡು ಬಿಡಿಸಿ, ಕೋಲಾರದ ಮಾರ್ಕೆಟ್ಟಿಗೆ ಹೋಗಿ ಬರುವವರೆಗೂ ಅದು ಅಲ್ಲೇ ಇತ್ತು. ರೇಷ್ಮೆ ಸಾಕುವ ಯಾವ ಮನೆಯಲ್ಲೂ ಇದಕ್ಕಿಂತ ಬೇರೆ ರೀತಿ ನಡೆಯುವುದಿಲ್ಲ.

ಗೂಡು ಮಾರಿ ಬಂದ ದಿನವೇ ಕವರನ್ನು ನನಗೆ ಕೊಟ್ಟು, "ಇದೇನು ನೋಡೋ ವೇಣು, ಓದಿ ಹೇಳು" ಎಂದಳು. ನಾನು ಓದುತ್ತಿದ್ದ ಕಾದಂಬರಿಯಲ್ಲಿ ಒಂದು ಹಡಗು ಮಂಜಿನಲ್ಲಿ ಸಿಕ್ಕಿಕೊಂಡಿತ್ತು. ಕವರನ್ನು ಮೇಜಿನ ಮೇಲಿಟ್ಟೆ. ಒಂಬತ್ತು ದಿನ ಅದರ ಮೇಲೆ ಕಾಫಿ ಲೋಟ ಇಟ್ಟೆ.

ಹತ್ತನೇ ದಿನ, ಗುರುವಾರ ಸಂಜೆ, ಕದಿರೇಶ ಬಂದ. ಪಿತೃಪಕ್ಷ ಕಳೆದ ಕೂಡಲೇ ಪಾಯ ತೆಗೆಯುತ್ತೇನೆ, ಕಲ್ಲು ಹೊಡೆಸಲು ಅಡ್ವಾನ್ಸ್ ಬೇಕು ಎಂದ. ದೊಡ್ಡಮ್ಮ ಅಂಗಳದಿಂದಲೇ ಕೂಗಿದಳು: "ವೇಣು, ಆ ದುಡ್ಡು ಯಾವತ್ತು ಬಿಡಿಸ್ಕೋಬೋದು, ಅದ್ರಲ್ಲಿ ಬರ್ದಿರ್ತದೆ ನೋಡು."

ಲೋಟ ಎತ್ತಿ ಕವರು ಹರಿದೆ. ಮೊದಲ ಪುಟದಲ್ಲೇ ಬರೆದಿತ್ತು. ವರ್ಷಕ್ಕೆ ನಾಲ್ಕು ಲಕ್ಷ, ಹತ್ತು ವರ್ಷ ಕಟ್ಟಬೇಕು. ಹಣ ಬರುವುದು ಹದಿನೈದನೇ ವರ್ಷ, ಅಂದರೆ ದೊಡ್ಡಮ್ಮನಿಗೆ ಎಪ್ಪತ್ತೆರಡಾದಾಗ. ಮುಂದಿನ ವರ್ಷ ಕಟ್ಟದಿದ್ದರೆ ಈ ವರ್ಷ ಕಟ್ಟಿದ್ದರಲ್ಲಿ ಹೆಚ್ಚೇನೂ ಸಿಗದು. ಜೊತೆಗೆ ನಾವು ತುಂಬಿದ ಅರ್ಜಿಯ ನಕಲಿತ್ತು. ಅದರಲ್ಲಿ ದೊಡ್ಡಮ್ಮ ರೇಷ್ಮೆ ಉದ್ಯಮಿ, ವಾರ್ಷಿಕ ಆದಾಯ ಹದಿನೆಂಟು ಲಕ್ಷ. ಕೊನೆಯ ಪುಟದಲ್ಲಿ ನನ್ನ ಸುಳಿಯ ರುಜು. ಅದರ ಮೇಲೆ ಹೀಗಿತ್ತು: 'ಈ ಅರ್ಜಿಯ ಪ್ರತಿಯೊಂದು ಅಂಶವನ್ನೂ ಅರ್ಜಿದಾರರಿಗೆ ಅವರ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ, ಅವರು ಪೂರ್ತಿಯಾಗಿ ಅರ್ಥಮಾಡಿಕೊಂಡಿದ್ದಾರೆ ಎಂದು ಘೋಷಿಸುತ್ತೇನೆ.'

ನಾನು ಘೋಷಿಸಿದ್ದೆ.

ಕದಿರೇಶನಿಗೆ ನಾಳೆ ಬಾ ಎಂದು ಹೇಳಿ ಕಳಿಸಿದೆ. ದೊಡ್ಡಮ್ಮನಿಗೆ ಹೇಳುವಾಗ ನನ್ನ ಬಾಯಿಂದ ಮೊದಲು ಬಂದ ಮಾತು ಇದು: "ನಾನ್ ಅವತ್ತು ಹೇಳ್ತಾನೇ ಇದ್ದೆ ದೊಡ್ಡಮ್ಮ, ನೀನೇ ಸರಿಯಾಗಿ ಕೇಳಿಸ್ಕೊಳ್ಲಿಲ್ಲ ಅನ್ಸತ್ತೆ." ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ನಾನೂ ನಂಬಿದೆ.

ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಳು. "ಎಪ್ಪತ್ತೆರಡಕ್ಕೆ ನಂಗೆ ನಡುಮನೆ ಯಾಕೋ," ಎಂದಳು. "ಅಷ್ಟೊತ್ಗೆ ನನ್ನೇ ಆಚೆ ಮಲಗ್ಸಿರ್ತಾರೆ."

ಆಗ ಬಾಂಡನ್ನು ಪೂರ್ತಿ ಓದಿದೆ, ಕೊನೆಯ ಅಕ್ಷರದವರೆಗೆ. ಮೂರನೇ ಪುಟದಲ್ಲಿ ಒಂದು ದಾರಿಯಿತ್ತು. ಬಾಂಡು ಕೈಗೆ ಸಿಕ್ಕ ದಿನದಿಂದ ಮೂವತ್ತು ದಿನದೊಳಗೆ ಬೇಡವೆನಿಸಿದರೆ ವಾಪಸ್ ಕೊಡಬಹುದು. ಸ್ಟಾಂಪಿನ ಖರ್ಚು, ಅಷ್ಟು ದಿನದ ವಿಮೆಯ ಖರ್ಚು ಹಿಡಿದುಕೊಂಡು ಉಳಿದದ್ದೆಲ್ಲ ಹಿಂದಿರುಗಿಸುತ್ತಾರೆ.

"ದೊಡ್ಡಮ್ಮ, ಈ ಕವರು ಯಾವತ್ತು ಬಂತು?"

"ಮೂರನೇ ಜ್ವರ ಎದ್ದ ದಿನ."

ಹುಳ ಪೊರೆ ಬಿಡುವ ಮುಂಚೆ ಒಂದು ದಿನ ತಿನ್ನದೆ ತಲೆಯೆತ್ತಿ ಸುಮ್ಮನಿರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಗೂಡು.

"ಬ್ಯಾಂಕಿನೋರು ಹುಳದ ಜ್ವರ ಕೇಳಲ್ಲ ದೊಡ್ಡಮ್ಮ. ತಾರೀಖು ಬೇಕು."

"ಅಯ್ಯೋ ತಾರೀಖು ಏನ್ ದೊಡ್ಡ ವಿಷ್ಯ. ಎರಡು ಜ್ವರ ದಾಟಿದ್ ಮರಿ ಹುಳ ತಂದಿದ್ದು ಒಂಬತ್ತನೇ ತಾರೀಖು, ಚೀಟಿ ಗೋಡೇಗೇ ಇದೆ. ಐದನೇ ದಿನಕ್ಕೆ ಮೂರನೇ ಜ್ವರ ಎದ್ವು. ಹದಿನಾಲ್ಕು."

ನಾನು ಫೋನು ತೆಗೆದು ಕವರಿನ ಮೇಲಿದ್ದ ಸ್ಪೀಡ್ ಪೋಸ್ಟ್ ನಂಬರು ಒತ್ತಿ, ಸಿಗ್ನಲ್ ಹುಡುಕುತ್ತ ನೀರಿನ ಟ್ಯಾಂಕಿನವರೆಗೆ ಹೋಗಿ, ಅರ್ಧ ಗಂಟೆ ಬಿಟ್ಟು ವಾಪಸ್ ಬಂದೆ. ಆಗಸ್ಟ್ ಹದಿನಾಲ್ಕು. ಹಾಗಾದರೆ ಮೂವತ್ತನೇ ದಿನ ಶನಿವಾರ, ಅದೂ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಉಳಿದಿದ್ದು ನಾಳೆ ಒಂದೇ ದಿನ.

ಆ ಸಂಜೆಯೇ ಪತ್ರ ಬರೆಯಲು ಕೂತೆ. ಎಷ್ಟೆಂದರೂ ಅದು ನನ್ನ ಕಸುಬು. ಗ್ರಾಮೀಣ ಮಹಿಳೆಯ ನಂಬಿಕೆ, ಭಾಷೆಯ ದಬ್ಬಾಳಿಕೆ, ಹಣಕಾಸು ವ್ಯವಸ್ಥೆಯ ನೈತಿಕತೆ, ಎಲ್ಲ ಸೇರಿ ನಾಲ್ಕು ಪುಟವಾಯಿತು. ಓದಿ ತೋರಿಸಿದೆ. ದೊಡ್ಡಮ್ಮ ಹಾಲಿನ ಕ್ಯಾನು ತೊಳೆಯುತ್ತಲೇ ಕೇಳಿದಳು.

"ಚೆನ್ನಾಗದೆ. ಇದ್ರಲ್ಲಿ ದುಡ್ಡು ವಾಪಸ್ ಕೊಡಿ ಅಂತ ಎಲ್ಲಿದೆ?"

ಹುಡುಕಿದೆ. ಇರಲಿಲ್ಲ. ಹೊಸ ಹಾಳೆಯಲ್ಲಿ ಐದು ಸಾಲು ಬರೆದೆ: ಬಾಂಡಿನ ನಂಬರು, ಕೈಗೆ ಬಂದ ತಾರೀಖು, ನಮಗೆ ಬೇಡ, ಹಣ ವಾಪಸ್ ಕೊಡಿ, ದೊಡ್ಡಮ್ಮನ ಖಾತೆ ನಂಬರು. ನನ್ನ ಬದುಕಿನಲ್ಲಿ ನಾನು ಬರೆದ ಅತ್ಯಂತ ಒಳ್ಳೆಯ ಗದ್ಯ ಅದೇ ಇರಬೇಕು. ಅದರಲ್ಲಿ ಒಂದು ಉಪಮೆಯೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಮಾಲೂರು ಬಸ್ಸು ಹತ್ತಿದೆವು. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿಯ ಸಾಲಿನಲ್ಲಿ ನಮ್ಮೂರ ಹಾಲಿನ ಡೈರಿ ಸೆಕ್ರೆಟರಿ ಮುನಿಕೃಷ್ಣ ನಿಂತಿದ್ದ. ಅವನ ಕಿವಿಗೆ ಬಿದ್ದದ್ದು ಸಂಜೆಯ ಹಾಲಿನ ಹೊತ್ತಿಗೆ ಊರಿನ ನೂರಿಪ್ಪತ್ತು ಮನೆಗೂ ಮುಟ್ಟುತ್ತದೆ. "ಏಮ್ರಾ ಲೆಕ್ಚರರು, ದೊಡ್ಡಮ್ಮನ್ನ ಕರ್ಕೊಂಡು ಬಂದ್ಬಿಟ್ಟಿದೀಯಾ!" ಎಂದು ತೆಲುಗು ಕನ್ನಡ ಬೆರೆಸಿ ಕೂಗಿದ. ನಾನು ಕೈಯೆತ್ತಿ, ಅವನಿಗೆ ಬೆನ್ನು ಹಾಕಿ ಕೂತೆ.

ಈ ಸಲ ಕಾಫಿ ಬರಲಿಲ್ಲ. ಮುರಳಿಮೋಹನ್ ಪತ್ರ ನೋಡಿ, ಬಾಂಡು ತಿರುಗಿಸಿ, ನಕ್ಕ.

"ಸಾರ್, ಇಶ್ಯೂ ಆಗಿದ್ದು ಆಗಸ್ಟ್ ಆರು. ಮೂವತ್ತು ದಿನ ಯಾವಾಗ್ಲೋ ಮುಗೀತು."

"ಕೈಗೆ ಬಂದ ದಿನದಿಂದ ಲೆಕ್ಕ. ಮೂರನೇ ಪುಟ ನೋಡಿ." ಟ್ರ್ಯಾಕಿಂಗ್ ತೋರಿಸಿದೆ. ನನ್ನ ಧ್ವನಿ ನಡುಗಲಿಲ್ಲ ಎಂದು ನನಗೇ ಹೆಮ್ಮೆಯಾಯಿತು.

"ಓಕೆ ಸಾರ್, ಓಕೆ. ಬಾಂಡು ಇಲ್ಲಿ ಬಿಟ್ಟು ಹೋಗಿ. ಸೋಮವಾರ ಹೆಡ್ ಆಫೀಸಿಗೆ ಕಳಿಸ್ತೀನಿ."

ನಾನು ಕೊಡಲು ಕೈ ಚಾಚಿದ್ದೆ. ದೊಡ್ಡಮ್ಮ ನಡುವೆ ಕೈಯಿಟ್ಟು ಬಾಂಡನ್ನು ತನ್ನ ಮಡಿಲಿಗೆಳೆದುಕೊಂಡಳು. "ಚೀಟಿ ಕೊಡಪ್ಪಾ. ಇವತ್ತು ಕೊಟ್ಟೆ ಅಂತ ಸೀಲು ಹಾಕ್ಕೊಡು. ಡೈರೀಲಿ ಅರ್ಧ ಲೀಟರ್ ಹಾಲು ಹಾಕಿದ್ರೂ ಚೀಟಿ ಕೊಡ್ತಾರೆ. ಅಲ್ವೇನ್ಲಾ ಮುನಿಕೃಷ್ಣ?"

"ಕಾಲು ಲೀಟರ್‌ಗೂ ಕೊಡ್ತೀವಕ್ಕಾ," ಎಂದ ಮುನಿಕೃಷ್ಣ. ಸಾಲು ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದಿದ್ದ.

ಮುರಳಿಮೋಹನ್ ಕುರ್ಚಿ ಮುಂದಕ್ಕೆಳೆದುಕೊಂಡು ಅರ್ಜಿಯ ಕೊನೆಯ ಪುಟ ತೆರೆದ. ನನ್ನ ರುಜುವಿನ ಮೇಲೆ ಬೆರಳಿಟ್ಟ. ಧ್ವನಿ ಮೆತ್ತಗಿತ್ತು. "ಇದು ನಿಮ್ದೇ ತಾನೇ ಸಾರ್? ಎಲ್ಲಾ ಓದಿ ವಿವರಿಸಿದೀನಿ ಅಂತ ಡಿಕ್ಲೇರ್ ಮಾಡಿದೀರಾ. ಈಗ ಗೊತ್ತಿರ್ಲಿಲ್ಲ ಅಂದ್ರೆ ಹೆಂಗೆ? ನೀವು ಸುಳ್ಳು ಸೈನ್ ಹಾಕಿದ್ರಾ? ಲೆಕ್ಚರರ್ ಬೇರೆ."

ಯಾವ ಕಾರಣವನ್ನೂ ಕೊಡದೆ ವಾಪಸ್ ಕೊಡಬಹುದು ಎಂದು ಹಿಂದಿನ ಸಂಜೆ ಓದಿದ್ದೆ. ಅದನ್ನೇ ಹೇಳಿದ್ದರೆ ಸಾಕಿತ್ತು. ಆದರೆ ಲೆಕ್ಚರರ್ ಎಂಬ ಪದ ಕಿವಿಗೆ ಬಿದ್ದದ್ದೇ ಎಲ್ಲ ಮರೆತುಹೋಯಿತು. ಬೆನ್ನ ಹಿಂದೆ ಮುನಿಕೃಷ್ಣ ಉಸಿರಾಡುವುದು ಕೇಳುತ್ತಿತ್ತು. ನಾನು ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡಿದೆ.

ಆಗ ದೊಡ್ಡಮ್ಮ ಮಾತಾಡಿದಳು. "ಅವನು ಹೇಳ್ದಪ್ಪಾ. ನಮ್ ಹುಡುಗ ಎಲ್ಲಾ ಓದಿ ಹೇಳ್ದ. ನನ್ ತಲೇಗೇ ಹೋಗ್ಲಿಲ್ಲ. ಓದಿಲ್ದೋಳು ನಾನು."

ಅವಳು ನನ್ನ ಕಡೆ ನೋಡಲಿಲ್ಲ. ಜಗಲಿಯಲ್ಲಿ ನಾನು ಹೇಳಿದ್ದ ಸುಳ್ಳನ್ನೇ ತೊಳೆದು ಒಣಗಿಸಿ ನನಗೆ ಹೊದಿಸುತ್ತಿದ್ದಳು.

"ಅಷ್ಟೇ ನೋಡಿ ಅಮ್ಮಾ!" ಮುರಳಿಮೋಹನ್ ಡ್ರಾಯರಿನಿಂದ ಒಂದು ಹಾಳೆ ತೆಗೆದ. "ಸಾರ್ ವಿವರಿಸಿದ್ರು ಅಂತ ಇಲ್ಲೊಂದು ಸೈನ್ ಹಾಕಿ. ಸಾರ್‌ಗೂ ಸೇಫು, ನಿಮಗೂ ಸೇಫು. ಆಮೇಲೆ ದುಡ್ಡಿಂದು ನೋಡೋಣ." ಪೆನ್ಸಿಲಿನ ಗುರುತು ಆಗಲೇ ಬಿದ್ದಿತ್ತು. ನನ್ನ ಮಾನ ಉಳಿಯುತ್ತದೆಂದರೆ ದೊಡ್ಡಮ್ಮ ಯೋಚಿಸುವವಳಲ್ಲ. ಪೆನ್ನು ತೆಗೆದುಕೊಂಡಳು.

ಹಾಳೆ ಇಂಗ್ಲಿಷಿನಲ್ಲಿತ್ತು, ಏಳು ಸಾಲು. ಸುಮ್ಮನಿದ್ದರೆ ಊರಿಗೆ ನಾನು ಓದಿದವನಾಗಿಯೇ ವಾಪಸ್ ಹೋಗುತ್ತಿದ್ದೆ. ಕಾಡಿನಲ್ಲೋ ಸಮುದ್ರದಲ್ಲೋ ಸಾಯಲು ಹಿಂಜರಿಯದ ನಾಯಕರ ಬಗ್ಗೆ ನಾನು ಎಷ್ಟೊಂದು ಓದಿದ್ದೆ. ಡೈರಿ ಸೆಕ್ರೆಟರಿಯ ಮುಂದೆ ಒಂದು ಮಾತು ಹೇಳುವುದು ಹೇಗೆಂದು ಅವರು ಯಾರೂ ಕಲಿಸಿರಲಿಲ್ಲ.

"ತಡಿ ದೊಡ್ಡಮ್ಮ," ಎಂದೆ. ಪೆನ್ನಿನ ಕೆಳಗಿನಿಂದ ಹಾಳೆ ಎಳೆದುಕೊಂಡು ಗಟ್ಟಿಯಾಗಿ, ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ತರಗತಿಯ ಧ್ವನಿ ತಾನಾಗಿ ಬಂತು, ಕ್ಯಾಶ್ ಕೌಂಟರಿನವರೆಗೂ ಕೇಳಿಸಿತು. "'ಪಾಲಿಸಿಯ ಎಲ್ಲ ಷರತ್ತುಗಳನ್ನು ನನಗೆ ವಿವರಿಸಲಾಗಿದೆ. ನಾನು ಹತ್ತು ವರ್ಷ ಕಂತು ಕಟ್ಟಲು ಒಪ್ಪಿದ್ದೇನೆ. ಪಾಲಿಸಿ ವಾಪಸ್ ಮಾಡುವ ಕೋರಿಕೆಯನ್ನು ನನ್ನ ಇಷ್ಟದಿಂದ ಹಿಂತೆಗೆದುಕೊಳ್ಳುತ್ತೇನೆ.' ಇದಕ್ಕೆ ಸೈನ್ ಹಾಕಿದ್ರೆ ಹುಳುಮನೆ ಇಲ್ಲ ದೊಡ್ಡಮ್ಮ."

ದೊಡ್ಡಮ್ಮ ಪೆನ್ನು ಕೆಳಗಿಟ್ಟಳು.

"ಇನ್ನೊಂದು ಹೇಳ್ತೀನಿ," ಎಂದೆ. ಧ್ವನಿ ಈಗ ಸಣ್ಣಗಾಗಿತ್ತು, ಆದರೂ ಬ್ಯಾಂಕು ಸುಮ್ಮನಾಗಿದ್ದರಿಂದ ಕೇಳಿಸಿತು. "ನಾನು ಅವತ್ತು ಓದಿರ್ಲಿಲ್ಲ. ಒಂದು ಸಾಲೂ ಓದಿರ್ಲಿಲ್ಲ. ಸೈನ್ ಮಾತ್ರ ಹಾಕ್ದೆ. ಅವರಿಗೆ ಏನೂ ಹೇಳಿರ್ಲಿಲ್ಲ."

"ಲೇ, ಅದ್ನೆಲ್ಲ ಇಲ್ಯಾಕೋ ಹೇಳ್ತೀಯಾ," ಎಂದು ದೊಡ್ಡಮ್ಮ ನನ್ನ ತೋಳು ಜಿಗುಟಿದಳು.

ಮುನಿಕೃಷ್ಣ ಉದ್ದಕ್ಕೆ ಉಸಿರೆಳೆದ. "ಹಂಗಾದ್ರೆ ವೇಣು, ನೀನು ಸರಿಯಿದೆ ಅಂದಿದ್ದ ನಮ್ಮ ಡೈರಿ ಹಸುಗಳ ಇನ್ಶೂರೆನ್ಸ್ ಫಾರಂ?"

"ಅದನ್ನೂ," ಎಂದೆ.

ನನ್ನ ಗಟ್ಟಿ ಓದು ಕೇಳಿ ಗಾಜಿನ ಕೋಣೆಯಿಂದ ಮ್ಯಾನೇಜರ್ ಆಶಾರಾಣಿ ಹೊರಗೆ ಬಂದರು. ಪತ್ರದ ಐದು ಸಾಲು ಓದಿದರು. ಮುರಳಿಮೋಹನ್ ಡಿಕ್ಲರೇಷನ್ ಎನ್ನಲು ಶುರುಮಾಡಿದಾಗ ಕೈಯೆತ್ತಿ ತಡೆದರು. "ಅವರು ಓದಿದ್ರೋ ಬಿಟ್ರೋ, ಈಗ ಬೇಕಿಲ್ಲ. ದಿನ ಇದೆ, ಕೇಳಿದಾರೆ. ಸೀಲು ಹಾಕಿ." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೆಲ್ಲ ಹೇಳ್ಬೇಕಿರಲಿಲ್ಲ ನೀವು," ಎಂದರು. ನನ್ನ ಬದುಕಿನ ಏಕೈಕ ವೀರಕೃತ್ಯ ನಿಯಮದ ಪ್ರಕಾರ ಅನಗತ್ಯವಾಗಿತ್ತು.

ಪತ್ರದ ನಕಲಿನ ಮೇಲೆ ಸೀಲು ಬಿತ್ತು. ತಾರೀಖು, ಸಮಯ, ರುಜು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮಾಸ್ತಿಯಲ್ಲಿ ಬಸ್ಸು ಇಳಿಯುವಾಗ ಹೇಳಿದಳು: "ಜಗಲೀಲಿ ಅವತ್ತು ನೀನು ಹೇಳಿದ್ದು ಸುಳ್ಳು ಅಂತ ನಂಗೆ ಗೊತ್ತಿತ್ತು ಕಣೋ. ನನ್ ಕಿವಿ ಚೆನ್ನಾಗೇ ಇದೆ."

ಹದಿನೆಂಟು ದಿನಕ್ಕೆ ಹಣ ಖಾತೆಗೆ ಬಂತು. ಹಿಡಿದುಕೊಂಡ ಸಾವಿರದ ಚಿಲ್ಲರೆಗೆ ಬದಲಾಗಿ ನಾನು ಎಂಟು ಭಾನುವಾರ ಸೊಪ್ಪು ಕೊಯ್ಯಬೇಕೆಂದು ತೀರ್ಪಾಯಿತು. ಊರಿನವರು ಈಗಲೂ ನನ್ನ ಬಳಿ ಕಾಗದ ತರುತ್ತಾರೆ. ಆದರೆ ಕೊಟ್ಟು ಹೋಗುವುದಿಲ್ಲ. ಎದುರಿಗೆ ಕೂತು, "ಜೋರಾಗಿ ಓದು" ಎನ್ನುತ್ತಾರೆ. ಮುನಿಕೃಷ್ಣನಂತೂ ಓದಿದ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಬರುತ್ತಾನೆ. ಆ ಹಡಗು ಇನ್ನೂ ಮಂಜಿನಲ್ಲೇ ಇದೆ.

ಪಾಯದ ಹಿಂದಿನ ದಿನ ಕದಿರೇಶ ಕರಾರು ಪತ್ರ ತಂದ. ದೊಡ್ಡಮ್ಮ ಜಗಲಿಯಲ್ಲಿ ಚಾಪೆ ಹಾಸಿ, ನನ್ನನ್ನು ಕೂರಿಸಿ, ಲಾಟರಿ ನಂಬರು ಕೇಳುವವಳಂತೆ ಕಿವಿಗೊಟ್ಟು ಕೂತಳು. ಸ್ಟಾಂಪ್ ಪೇಪರಿನ ನಂಬರಿನಿಂದ ಶುರುಮಾಡಿದೆ. ಉದ್ದ ನಲವತ್ತಡಿ, ಅಗಲ ಇಪ್ಪತ್ತಡಿ, ಗೋಡೆ ಇಷ್ಟು, ಶೀಟು ಇಷ್ಟು. ಹನ್ನೊಂದನೇ ಸಾಲಿಗೆ ಬಂದಾಗ ಬೆರಳಿಟ್ಟು ಇನ್ನೂ ಜೋರಾಗಿ ಓದಿದೆ. "'ಬಾಗಿಲು, ಕಿಟಕಿ, ಜಾಲರಿಗಳ ಖರ್ಚು ಇದರಲ್ಲಿ ಸೇರಿರುವುದಿಲ್ಲ.'"

ಕದಿರೇಶ ತಲೆ ಕೆರೆದುಕೊಂಡ. "ಅದು ಎಲ್ರಿಗೂ ಹಂಗೇ ಬರ್ಯೋದಕ್ಕಾ."

"ಬಾಗ್ಲಿಲ್ದಿದ್ರೆ ಹುಳ ಹೆಂಗೋ ಒಳಗೆ ಹೋಗ್ತವೆ, ಗೋಡೆ ಹಾರಿ?" ಎಂದಳು ದೊಡ್ಡಮ್ಮ. "ಹೊಡ್ದಾಕು ಅದನ್ನ."

ಕದಿರೇಶ ಹೊಡೆದುಹಾಕಿ ಪಕ್ಕದಲ್ಲಿ ರುಜು ಹಾಕಿದ. ನಾನು ಹೊಗಳಿಕೆಗಾಗಿ ದೊಡ್ಡಮ್ಮನ ಮುಖ ನೋಡಿದೆ.

"ಇನ್ನೂ ಎಷ್ಟು ಸಾಲಿದೆ?" ಎಂದಳು.

"ಒಂಬತ್ತು."

"ಮುಂದಕ್ಕೆ ಓದು."